ಗೇಮಿಂಗ್ ಕುರ್ಚಿ: ಗಟ್ಟಿತನದ ವಾದಕ್ಕೆ ಪ್ರತ್ಯುತ್ತರ

ಹನ್ನೆರಡು ಸಾವಿರ ಕೊಟ್ಟು ಹೊಸ ಗೇಮಿಂಗ್ ಕುರ್ಚಿ ತರುವ ಮೊದಲು ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಕುರ್ಚಿ ನೋಡಿ ಎಂದರೆ ಸಾಕು, ಹಲವರು ವಾದಕ್ಕೆ ಇಳಿಯುತ್ತಾರೆ. ಅವರಿಗೆ ನನ್ನ ಉತ್ತರವಿದು.

'ಒಳಗೆ ಸ್ಟೀಲ್ ಫ್ರೇಮ್ ಇದೆ, 150 ಕೆ.ಜಿ. ಭಾರ ತಡೆಯುತ್ತದೆ' ಎನ್ನುತ್ತಾರೆ. ಇರಬಹುದು. ಆದರೆ ಫ್ರೇಮ್ ಮುರಿದು ಮೂಲೆ ಸೇರುವ ಕುರ್ಚಿಗಳು ಕಡಿಮೆ. ಮೊದಲು ಹೋಗುವುದು ಮೇಲಿನ ಹೊದಿಕೆ. ಪಿಯು ಲೆದರ್ ಎಂದು ಮಾರುವುದು ಚರ್ಮವಲ್ಲ, ಬಟ್ಟೆಯ ಮೇಲೆ ಕೂರಿಸಿದ ಪಾಲಿಯುರಿಥೇನ್ ಪದರ. ಸೆಕೆಯೂ ಗಾಳಿಯ ತೇವವೂ ಸೇರಿ ಆ ಪದರವನ್ನು ಒಳಗಿಂದಲೇ ಶಿಥಿಲಗೊಳಿಸುತ್ತವೆ. ಕುರ್ಚಿಯಲ್ಲಿ ಯಾರೂ ಕೂರದಿದ್ದರೂ ಈ ಕೆಲಸ ನಡೆದೇ ಇರುತ್ತದೆ. ಮಂಗಳೂರು, ಉಡುಪಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಡೆ ತಾಗುವ ಅಂಚಿನಲ್ಲಿ ಸಣ್ಣ ನೆರಿಗೆ ಏಳುತ್ತದೆ, ನೆರಿಗೆ ಬಿರುಕಾಗುತ್ತದೆ, ಆಮೇಲೆ ಕಪ್ಪು ಚಕ್ಕೆಗಳು ಎದ್ದು ಬಟ್ಟೆಗೆ ಅಂಟಿಕೊಂಡು ಮನೆಯೆಲ್ಲ ಬೀಳುತ್ತವೆ. ಒಮ್ಮೆ ಶುರುವಾದರೆ ಯಾವ ಪಾಲಿಶ್ ಹಚ್ಚಿದರೂ ನಿಲ್ಲುವುದಿಲ್ಲ. 'ಒರೆಸಿದರೆ ಸಾಕು, ಸ್ವಚ್ಛ' ಎಂಬ ಹೊಗಳಿಕೆ ಹೊದಿಕೆ ಉಳಿದಿರುವ ತನಕ ಮಾತ್ರ.

'ರೇಸ್ ಕಾರಿನ ಸೀಟಿನ ವಿನ್ಯಾಸ' ಎಂಬುದು ಇನ್ನೊಂದು ವಾದ. ಕಾರು ವೇಗವಾಗಿ ತಿರುಗುವಾಗ ಚಾಲಕ ಪಕ್ಕಕ್ಕೆ ಜಾರದಿರಲಿ ಎಂದು ಆ ಸೀಟಿಗೆ ಎರಡೂ ಬದಿ ಉಬ್ಬು ಕೊಟ್ಟಿರುತ್ತಾರೆ. ಮೇಜಿನ ಮುಂದೆ ಕುಳಿತವನನ್ನು ಪಕ್ಕಕ್ಕೆ ಎಳೆಯುವ ಬಲವೇ ಇಲ್ಲ. ಇಲ್ಲಿ ಆ ಉಬ್ಬು ತೊಡೆಯನ್ನು ಒತ್ತುತ್ತದೆ, ಏಳುವಾಗ ಕೂರುವಾಗ ಉಜ್ಜಿ ತಾನೇ ಮೊದಲು ಸವೆಯುತ್ತದೆ.

'ಸಾವಿರಾರು ಜನ ಐದು ನಕ್ಷತ್ರ ಕೊಟ್ಟಿದ್ದಾರಲ್ಲ?' ಹೆಚ್ಚಿನವರು ಕೊಟ್ಟಿದ್ದು ಪೆಟ್ಟಿಗೆ ಬಿಚ್ಚಿದ ವಾರದಲ್ಲಿ. ಎರಡು ವರ್ಷ ಬಳಸಿದವರು ಹಾಕಿದ ಚಿತ್ರಗಳನ್ನು ಹುಡುಕಿ ನೋಡಿ.

ಸೆಕೆಂಡ್ ಹ್ಯಾಂಡ್ ಕುರ್ಚಿಗೆ ವಾರಂಟಿ ಇರುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಹರ್ಮನ್ ಮಿಲ್ಲರ್‌ನ ಏರಾನ್ ಕುರ್ಚಿಯನ್ನೇ ನೋಡಿ. 1994ರಲ್ಲಿ ಬಂದದ್ದು, ಹೊಸದಕ್ಕೆ ಕಂಪನಿಯ ವಾರಂಟಿ 12 ವರ್ಷ. ಅದರ ಕೂರುವ ಭಾಗ ಜಾಲರಿ. ಸುಲಿಯಲು ಪದರವಿಲ್ಲ, ಕುಸಿಯಲು ಫೋಮ್ ಇಲ್ಲ. ಹಳೆಯ ಮಾದರಿಗೂ ಬಿಡಿಭಾಗ ಸಿಗುತ್ತದೆ. ಗ್ಯಾಸ್ ಲಿಫ್ಟ್, ಚಕ್ರಗಳನ್ನು ಗೇಮಿಂಗ್ ಕುರ್ಚಿಗೂ ಬದಲಿಸಬಹುದು, ನಿಜ. ಹೊದಿಕೆ, ಸೀಟಿನ ಫೋಮ್, ಕೈ ಇಡುವ ಪ್ಯಾಡು ಸಿಗುವುದೇ ಕಷ್ಟ, ಮಾದರಿ ಬದಲಾದರಂತೂ ಮುಗಿಯಿತು.

'ಒಳ್ಳೆಯ ಕಚೇರಿ ಕುರ್ಚಿಗೆ ಅಷ್ಟು ದುಡ್ಡು ಎಲ್ಲಿಂದ ತರೋಣ?' ಎನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಿ. 12,000ದ ಕುರ್ಚಿ ಮೂರು ವರ್ಷ ಬಂದರೆ ವರ್ಷಕ್ಕೆ 4,000. 24,000ದ್ದು ಎಂಟು ವರ್ಷ ಬಂದರೆ 3,000. ಕಡಿಮೆ ಸಂಬಳದವನೇ ಮೂರು ವರ್ಷಕ್ಕೊಮ್ಮೆ ಮತ್ತೆ ಅಂಗಡಿಗೆ ಹೋಗಬೇಕಾಗಿ ಬರುವುದು ನನ್ನನ್ನು ಚುಚ್ಚುತ್ತದೆ.

ಗೇಮಿಂಗ್ ಎಂಬ ಹೆಸರಿನ ಮೇಲೆ ನನಗೆ ಜಗಳವಿಲ್ಲ. ಹೊದಿಕೆ ನೇಯ್ದ ಬಟ್ಟೆಯದಾಗಿದ್ದು, ಫೋಮ್ ಅಚ್ಚಿನಲ್ಲಿ ಎರೆದು ಮಾಡಿದ್ದಾಗಿದ್ದು, ವಾರಂಟಿಯ ಸಣ್ಣಕ್ಷರದಲ್ಲಿ ಹೊದಿಕೆಯನ್ನು ಹೊರಗಿಟ್ಟಿಲ್ಲ ಎಂದಾದರೆ ಧಾರಾಳವಾಗಿ ಕೊಳ್ಳಿ. ಕೊಳ್ಳುವ ಮುನ್ನ ಅರ್ಧ ಗಂಟೆ ಕೂತು ನೋಡಿ, ಸೀಟು ಮತ್ತು ಕೈ ಪ್ಯಾಡು ಬಿಡಿಯಾಗಿ ಎಷ್ಟಕ್ಕೆ ಸಿಗುತ್ತವೆ ಎಂದು ಅಂಗಡಿಯವರನ್ನು ಕೇಳಿ.