ಗುಡ್ಡಕ್ಕೆ ನ್ಯಾಯ, ಗುದ್ದಲಿಗೆ ಏನು?

ನಮ್ಮ ಚೋರನೂರಿಗೆ ಒಬ್ಬ ವಿದ್ವಾಂಸರು ಬಂದಿದ್ದರು. ಸಂಡೂರಿನ ಗುಡ್ಡಗಳನ್ನು ಉಳಿಸುವ ಕೆಲಸದಲ್ಲಿ ನ್ಯಾಯ ಎಲ್ಲಿದೆ ಎಂದು ಬರೆಯುತ್ತಿದ್ದಾರಂತೆ. ನ್ಯಾಯಕ್ಕೆ ಮೂರು ಮುಖ ಎಂದರು: ಲಾಭ ನಷ್ಟದ ಹಂಚಿಕೆ, ತೀರ್ಮಾನದಲ್ಲಿ ಪಾಲು, ಮನುಷ್ಯರೆಂಬ ಮನ್ನಣೆ. ಕೇರಿಯ ಅವ್ವ ಒಬ್ಬಳು ಕೇಳಿದಳು: "ಇಷ್ಟ್ ತಿಳಕಳಾಕ ಇಷ್ಟ್ ದೂರ ಬರಬೇಕಾತೇನಪ್ಪಾ?"

ಗೆಳೆಯರೆ, ಆ ಮಾತು ಸುಳ್ಳಲ್ಲ. ನಮ್ಮ ಜಗಳ ಆ ಮಾತಿನ ಜೊತೆಗಲ್ಲ, ಅದರ ಅಳತೆಗೋಲಿನ ಜೊತೆ.

2000ದ ನಂತರ ಚೀನಾಕ್ಕೆ ಅದಿರು ಹೋಗತೊಡಗಿತು. ಪಟ್ಟಾ ಹೊಲಗಳನ್ನೂ ಬಗೆದರು. ಹೊಲ ಇದ್ದವನಿಗೆ ರೊಕ್ಕ ಬಂತು. ಹೊಲ ಇಲ್ಲದ ನಮ್ಮವರು ಸುತ್ತಿಗೆ ಹಿಡಿದು ಅದಿರು ಒಡೆದರು, ಕೆಂಧೂಳು ನುಂಗಿದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಗಟ್ಟಿಯಾಗೇ ಹೇಳುತ್ತೇವೆ, ಸರಿ. ಲೂಟಿ ನಿಲ್ಲಲೇಬೇಕಿತ್ತು.

ಆದರ ಅದರ ಜೊತೆ ನಿಂತದ್ದು ಯಾರ ಒಲೆ? 2013ರಲ್ಲಿ 'ಸಿ' ಗುಂಪಿನ ಗುತ್ತಿಗೆಗಳು ರದ್ದಾದವು. 'ಎ', 'ಬಿ' ಗುಂಪಿನ ಗಣಿಗಳಿಗೆ ಪುನಶ್ಚೇತನ ಯೋಜನೆ ಬರೆದರು, ಒಂದೊಂದಾಗಿ ಬಾಗಿಲು ತೆಗೆದರು. ಗಣಿಗೆ ಪುನಶ್ಚೇತನ. ಗಣಿ ಕೂಲಿಯ ಎದೆಗೂಡಿಗೆ? ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋದ ಸಂಸಾರಕ್ಕೆ? ಅವರ ನಷ್ಟ ಯಾವ ಪಹಣಿಯಲ್ಲೂ ಇಲ್ಲ. ಪಹಣಿ ಇದ್ದವನಿಗೇ ನಷ್ಟ, ಇಲ್ಲದವನಿಗೆ ಹಣೆಬರಹ ಅಂತಾರೆ.

ರೊಕ್ಕ ಇಲ್ಲ ಎನ್ನುವ ಹಾಗಿಲ್ಲ. ಅದಿರಿನ ಮಾರಾಟದಿಂದಲೇ ಕಡಿದಿಟ್ಟ ಸಾವಿರಾರು ಕೋಟಿ, ಗಣಿ ಪರಿಸರ ಪುನಶ್ಚೇತನ ನಿಗಮದ ಹೆಸರಿನಲ್ಲಿದೆ. ಅದರ ಮೇಲ್ವಿಚಾರಣೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ನೇಮಿಸಿತು. 2015ರ ಕಾಯ್ದೆಯಂತೆ ಜಿಲ್ಲಾ ಖನಿಜ ನಿಧಿಯೂ ಇದೆ: ಹಳೆಯ ಗುತ್ತಿಗೆಯವರು ರಾಜಧನದ ಶೇಕಡಾ 30ರಷ್ಟು, ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟು ಅದಕ್ಕೆ ಕಟ್ಟಬೇಕು. ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲ ಆದ್ಯತೆ ಎಂದು ಕಾಗದದಲ್ಲಿದೆ.

ಆದರೆ ಕಾಗದ ಎಣಿಸುವುದು 'ಪೀಡಿತ ಗ್ರಾಮ'ಗಳನ್ನು. ನಕ್ಷೆಯ ಮೇಲೆ ಊರು ಒಂದೇ ಚುಕ್ಕಿ. ನೆಲದ ಮೇಲೆ ಅದು ಎರಡು: ಊರು ಮತ್ತು ಕೇರಿ. ಊರಿಗೆ ಬಂದದ್ದೆಲ್ಲ ಕೇರಿಗೂ ಬಂತು ಅನ್ನೋದು ಯಾವ ಲೆಕ್ಕ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹೇಳಿದ್ದು ಇದನ್ನೇ: ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ಅವರಿಗೆ ಸಂತೋಷ ತಂದಿತ್ತು. ಸುಸ್ಥಿರತೆಯ ಪಂಡಿತರು ಮತ್ತೆ ಹಳ್ಳಿಗೇ ಹೋಗಿ ನಿಂತಿದ್ದಾರೆ.

ನಮ್ಮನ್ನೂ ಬೈದುಕೊಳ್ಳಬೇಕು. ಡಿಗ್ರಿ ಹಿಡಿದ ನಾವು ಸರ್ವೆಯವರಿಗೆ ದಾರಿ ತೋರಿಸಿದೆವು, ಫಾರಂ ತುಂಬಿಸಿ ಕೊಟ್ಟೆವು. ಆ ಫಾರಂನಲ್ಲಿ ನಮ್ಮವ್ವಂದಿರ ಕೂಲಿಯ ಕಾಲಂ ಯಾಕಿಲ್ಲ ಎಂದು ಕೇಳಲಿಲ್ಲ.

ಈಗ ಕೇಳುತ್ತೇವೆ. ಗಣಿಯಲ್ಲಿ ದುಡಿದವರ ಹೆಸರು ಹಿಡಿದು ಪಟ್ಟಿ ಮಾಡಿರಿ. ಅವರ ಎದೆ ಪರೀಕ್ಷೆ ಮಾಡಿಸಿರಿ. ಗುಡ್ಡಕ್ಕೆ ಗಿಡ ನೆಡುವ ಕೂಲಿ ಮೊದಲು ಅವರಿಗೇ ಕೊಡಿರಿ. ನಿಧಿಯ ಗ್ರಾಮಸಭೆ ಗುಡಿಕಟ್ಟೆಯ ಮೇಲೆ ಬ್ಯಾಡ, ಕೇರಿಯಲ್ಲಿ ಕೂಡಿಸಿರಿ.

ಗುಡ್ಡ ಹಸಿರಾಗಲಿ, ನಾವೇ ನೀರು ಹೊರುತ್ತೇವೆ. ಆದರೆ ಗಿಡ ಎಣಿಸುವವರು ಅದಕ್ಕೆ ನೀರು ಹೊತ್ತವರನ್ನೂ ಎಣಿಸಬೇಕು. ಅಲ್ಲಿತನಕ ನ್ಯಾಯದ ಮೂರು ಮುಖಗಳಲ್ಲಿ ಒಂದೂ ನಮ್ಮ ಕಡೆ ತಿರುಗಿಲ್ಲ.