ಅರ್ಧ ವೋಲ್ಟಿಗೆ ಕಾಲು ಬಿಸಿ

ಕಳೆದ ಜನವರಿಯ ಒಂದು ಬೆಳಿಗ್ಗೆ ಆರೂವರೆಗೆ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ, ಫೋನು ಬಂತು. ಕೆನಡಾದ ಮಾಂಟ್ರಿಯಲ್‌ನಿಂದ ನನ್ನ ಹಳೆಯ ವಿದ್ಯಾರ್ಥಿನಿ. ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ. ಮಗುವಾಗಿ ಮೂರು ವಾರ. ಬಾಣಂತನಕ್ಕೆಂದು ತಾಯಿ ಊರಿನಿಂದ ಹೋಗಿದ್ದಾರೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ.

"ಸಾರ್, ಮಗುವಿನ ಕೋಣೆ ಬೆಚ್ಚಗಾಗ್ತಾನೇ ಇಲ್ಲ. ಹೀಟರ್ ಮುಟ್ಟಿದರೆ ಉಗುರುಬೆಚ್ಚಗಿದೆ, ಅಷ್ಟೆ. ರಿಪೇರಿಯವರು ಬರೋದು ನಾಳಿದ್ದು. ಮನೇಲಿ ಇದ್ದಿಲು ಇದೆ, ಅಗ್ಗಿಷ್ಟಿಕೆ ಹಾಕೋಣ ಅಂತಾರೆ ಅಮ್ಮ. ಹಾಕಬಹುದಾ?"

"ಬೇಡ ತಾಯಿ, ಖಂಡಿತ ಬೇಡ" ಎಂದೆ.

ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತಿದ್ದ ಮನೆಗಳಲ್ಲಿ ಅದು ಹೇಗೋ ನಡೆದುಹೋಯಿತು. ಚಳಿ ನುಸುಳದಂತೆ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಕಿಟಕಿ ಬಾಗಿಲು ಮುಚ್ಚಿದ ನಮ್ಮ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. "ಈ ರಾತ್ರಿ ಎಲ್ಲರೂ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ಮಲಗಿ. ಆಮೇಲೆ ಹೀಟರಿನ ವಿಚಾರ ನೋಡೋಣ" ಎಂದೆ.

ಅಲ್ಲಿಯವರು ಅದನ್ನು ಬೇಸ್‌ಬೋರ್ಡ್ ಹೀಟರ್ ಎನ್ನುತ್ತಾರೆ. ಗೋಡೆಯ ಬುಡದಲ್ಲಿ, ಸಾಮಾನ್ಯವಾಗಿ ಕಿಟಕಿಯ ಕೆಳಗೆ, ಉದ್ದಕ್ಕೆ ಕೂರಿಸಿದ ತಗಡಿನ ಪೆಟ್ಟಿಗೆ. ಒಳಗೆ ಕಾಯುವ ಸರಳು, ಅದರ ಸುತ್ತ ತೆಳುವಾದ ಅಲ್ಯೂಮಿನಿಯಂ ಹಾಳೆಗಳು. ಫ್ಯಾನು ಇಲ್ಲ. ತಣ್ಣನೆಯ ಗಾಳಿ ಕೆಳಗಿನಿಂದ ಒಳಹೊಕ್ಕು, ಕಾದು ಹಗುರಾಗಿ ಮೇಲೇರುತ್ತದೆ. ನೀವು ಪಾಠದಲ್ಲಿ ಓದಿದ ಸಂವಹನ ಇದೇ.

ನಾನು ಅಂಥ ಹೀಟರನ್ನು ಕಣ್ಣಾರೆ ಕಂಡವನಲ್ಲ. ಆದರೆ ನಮ್ಮ ಬಚ್ಚಲಿನಲ್ಲಿ ನೀರು ಕಾಯಿಸುವ ಕಾಯಿಲಿಗೂ ಅದಕ್ಕೂ ನಿಯಮ ಒಂದೇ. ಆದ್ದರಿಂದ ಧೈರ್ಯವಾಗಿ ಮೂರು ಪ್ರಶ್ನೆ ಕೇಳಿದೆ.

ಮೊದಲನೆಯದು: ಗಾಳಿಯ ದಾರಿಗೆ ಏನಾದರೂ ಅಡ್ಡ ಇದೆಯೇ? ಪರದೆ ಹೀಟರಿನ ಮೇಲೆಯೇ ಇಳಿಬಿದ್ದಿತ್ತು. ಬೆಂಕಿ ಹತ್ತುವ ಭಯವೂ ಇರುವುದರಿಂದ ಮೇಲೆತ್ತಿ ಕಟ್ಟಿಸಿದೆ. ಅರ್ಧ ಗಂಟೆಯಾದರೂ ಬಿಸಿ ಹೆಚ್ಚಲಿಲ್ಲ.

ಎರಡನೆಯದು: ಹೀಟರ್ ನಡುನಡುವೆ ತಾನಾಗಿ ಆರುತ್ತಿದೆಯೇ? "ಇಲ್ಲ ಸಾರ್, ಥರ್ಮೋಸ್ಟಾಟ್ 28ಕ್ಕೆ ಇಟ್ಟಿದ್ದೀವಿ, ಒಂದೇ ಸಮ ಉರೀತಿದೆ." ಥರ್ಮೋಸ್ಟಾಟ್ ಹೆಚ್ಚಿಸಿದರೆ ಹೀಟರ್ ಜೋರಾಗಿ ಕಾಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಇಂಥ ಹೀಟರಿನಲ್ಲಿ ಅದು ಹೇಳುವುದು ಯಾವಾಗ ನಿಲ್ಲಬೇಕೆಂದು ಮಾತ್ರ. ನಿಲ್ಲದೆ ಉರಿದೂ ಕೋಣೆ ಕಾಯದಿದ್ದರೆ ಹೀಟರ್ ಕೊಡುವ ಶಾಖವೇ ಸಾಲದೆಂದು ಅರ್ಥ.

ಮೂರನೆಯದು: ಅದರ ಮೇಲಿನ ಚೀಟಿಯಲ್ಲಿ ಏನು ಬರೆದಿದೆ? 240 ವೋಲ್ಟ್, 1000 ವ್ಯಾಟ್. ಪಕ್ಕದ ಕೋಣೆಯೂ ಅಷ್ಟೇ ದೊಡ್ಡದು, ಹೀಟರೂ ಅಂಥದೇ. ಆದರೆ ಅಲ್ಲಿ ಹಿತವಾದ ಬಿಸಿ!

ಕೆನಡಾದ ಮನೆಗಳಿಗೆ 120 ಮತ್ತು 240 ಎರಡೂ ವೋಲ್ಟ್ ಬರುತ್ತದೆ. ದೀಪ, ಪ್ಲಗ್ಗುಗಳಿಗೆ 120. ಒಲೆ, ಹೀಟರುಗಳಿಗೆ ಸಾಮಾನ್ಯವಾಗಿ 240. ನಮ್ಮ ಎಂಸಿಬಿಯಂಥ ಸ್ವಿಚ್ಚುಗಳ ಪೆಟ್ಟಿಗೆಯಲ್ಲಿ 240ರದಕ್ಕೆ ಎರಡು ಸ್ವಿಚ್ ಜೋಡಿಸಿದಂತಿರುತ್ತದೆ, 120ರದಕ್ಕೆ ಒಂದೇ. "ಬಾಗಿಲು ತೆರೆದು ಕಣ್ಣಲ್ಲಿ ನೋಡು, ಒಳಗೆ ಕೈ ಹಾಕಬೇಡ" ಎಂದೆ. ಎರಡೇ ನಿಮಿಷ. "ಸಾರ್, ಈ ಕೋಣೆಯದಕ್ಕೆ ಒಂದೇ ಇದೆ!" ಮೊದಲು ಅದು ಸಾಮಾನಿನ ಕೋಣೆಯಾಗಿತ್ತಂತೆ. ಯಾರೋ ಇದ್ದ 120ರ ತಂತಿಗೇ ಹೀಟರ್ ಸಿಕ್ಕಿಸಿರಬೇಕು.

"ಹಾಗಾದರೂ ಅರ್ಧ ಬಿಸಿಯಾದರೂ ಬರಬೇಕಲ್ಲ ಸಾರ್?"

ಅಂದೇ ಹತ್ತನೆಯ ತರಗತಿಯಲ್ಲಿ ಇದನ್ನೇ ಕೇಳಿದೆ. 240 ವೋಲ್ಟಿಗೆ 1000 ವ್ಯಾಟ್ ಆದರೆ 120ಕ್ಕೆ ಎಷ್ಟು? ಹೆಚ್ಚಿನವರ ಉತ್ತರ 500. ಲೆಕ್ಕ ಮಾಡೋಣ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಹೀಟರಿನ ರೋಧ 57.6 ಓಮ್. ಇದು ಹೆಚ್ಚುಕಡಿಮೆ ಬದಲಾಗದು. 240 ವೋಲ್ಟಿಗೆ ಹರಿಯುವ ವಿದ್ಯುತ್ 4.17 ಆಂಪಿಯರ್. 120ಕ್ಕೆ 2.08. ಅಂದರೆ ವೋಲ್ಟ್ ಅರ್ಧವಾದಾಗ ಪ್ರವಾಹವೂ ಅರ್ಧವಾಯಿತು. ಅರ್ಧದ ಅರ್ಧ ಕಾಲು. ಬಂದದ್ದು 250 ವ್ಯಾಟ್ ಮಾತ್ರ! ಪ್ರವಾಹದ ವರ್ಗಕ್ಕೆ ತಕ್ಕಂತೆ ಶಾಖ ಎಂಬುದನ್ನು 1841ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್.

ಇದರ ಇನ್ನೊಂದು ಮುಖ ಅಪಾಯದ್ದು. 120 ವೋಲ್ಟಿನ ಹೀಟರನ್ನು 240ಕ್ಕೆ ಸಿಕ್ಕಿಸಿದರೆ ನಾಲ್ಕು ಪಟ್ಟು ಶಾಖ, ಬೆಂಕಿಗೆ ಆಹ್ವಾನ. ಆದ್ದರಿಂದ "ನಿನ್ನ ಗಂಡ ಎಂಜಿನಿಯರೇ ಇರಲಿ, ತಂತಿ ಮುಟ್ಟುವುದು ಬೇಡ" ಎಂದೆ. ಮೂರನೆಯ ದಿನ ಎಲೆಕ್ಟ್ರೀಷಿಯನ್ ಬಂದು ಮೀಟರ್ ಹಿಡಿದು ನೋಡಿ, 120 ಎಂದೇ ಹೇಳಿ, ಸರಿಪಡಿಸಿದ. ಸಂಜೆ ಅಜ್ಜಿಯೇ ಫೋನಿಗೆ ಬಂದರು. "ಮೇಷ್ಟ್ರೇ, ಕೋಣೆ ಈಗ ನಮ್ಮೂರಿನ ಹಾಗಾಯ್ತು. ಕೂಸು ನಿದ್ದೆ ಮಾಡ್ತಿದೆ."

ವಿದ್ಯಾರ್ಥಿ ಮಿತ್ರರೇ, ಈಗ ನಿಮಗೊಂದು ಲೆಕ್ಕ. ಮನೆಯ ಕಾಯಿಲ್ 230 ವೋಲ್ಟಿಗೆ 1500 ವ್ಯಾಟ್. ವೋಲ್ಟೇಜ್ 160ಕ್ಕೆ ಇಳಿದರೆ ಎಷ್ಟು ವ್ಯಾಟ್? 726ರ ಸಮೀಪ ಬಂದರೆ ಸರಿ. ಶಾಖ ಅರ್ಧಕ್ಕಿಂತಲೂ ಕಡಿಮೆ, ಕಾಯುವ ಹೊತ್ತು ಎರಡು ಪಟ್ಟಿಗಿಂತ ಹೆಚ್ಚು. ಪೋಷಕರೇ, ಕಾಯಿಲ್ ಕೆಟ್ಟಿತೆಂದು ಹೊಸದು ತರುವ ಮೊದಲು ಮಕ್ಕಳಿಂದ ಈ ಲೆಕ್ಕ ಮಾಡಿಸಿ. ಆದರೆ ನೀರು ಕಾದಿದೆಯೇ ಎಂದು ಬೆರಳು ಅದ್ದುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡುವುದನ್ನು ಮಾತ್ರ ಮರೆಯಬೇಡಿ.