ಫೋಟೊ ಹಾಕಿದರೆ ಮಾಹಿತಿ ಕೊಟ್ಟಂತಲ್ಲ

ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ಕನ್ನಡದ ಪ್ರಕಟಣೆ ಹುಡುಕಿ ನೋಡಿ. ಎಷ್ಟೋ ಕಡೆ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್. ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸಿದ್ದು. ಅಕ್ಷರವಾಗಿದ್ದದ್ದು ಚಿತ್ರವಾಯಿತು.

ನಷ್ಟ ಯಾರಿಗೆ? ಫೋನ್‌ನಲ್ಲೇ ಎಲ್ಲ ಓದುವ ನಮಗೆ. ಚಿತ್ರದೊಳಗಿನ ಪದ ಹುಡುಕಿದರೆ ಸಿಗದು. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯಾಚೆ ಹೋಗುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್ ಅಲ್ಲಿ ತಡವರಿಸುತ್ತದೆ. ಅರ್ಜಿಯ ಕೊನೆಯ ದಿನ ಗೊತ್ತಾಗುವಷ್ಟರಲ್ಲಿ ಆ ದಿನವೇ ಕಳೆದಿರುತ್ತದೆ.

ಡೇಟಾ ಲೆಕ್ಕವನ್ನೂ ನೋಡಿ. ವೆಬ್‌ನಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್. ನೀವೀಗ ಓದುತ್ತಿರುವ ಈ ಬರಹದ ಅಕ್ಷರಗಳಿಗೆ ಐದಾರು ಕೆಬಿ ಸಾಕು. ಇದನ್ನೇ ಸ್ಕ್ಯಾನ್ ಮಾಡಿದರೆ ನೂರಾರು ಕೆಬಿ. ಆ ಡೇಟಾಕ್ಕೆ ದುಡ್ಡು ಕೊಡುವವರು ನಾವು.

‘ಸೀಲು, ಸಹಿ ಕಾಣಬೇಕಲ್ಲ’ ಎನ್ನುತ್ತಾರೆ. ಕಾಣಲಿ. ಮೇಲೆ ವಿಷಯವನ್ನು ಅಕ್ಷರದಲ್ಲಿ ಹಾಕಿ, ಕೆಳಗೆ ಸ್ಕ್ಯಾನ್ ಪ್ರತಿ ಇಡಿ. ‘ಕನ್ನಡಕ್ಕೆ ತಾಂತ್ರಿಕ ತೊಂದರೆ’ ಎಂಬ ನೆಪವೂ ಹಳತಾಯಿತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು.

ವೆಬ್‌ಸೈಟ್ ಕಟ್ಟುವವರೇ, ಆಫೀಸಿನ ದೊಡ್ಡ ಪರದೆ, ವೈಫೈ ಬಿಟ್ಟು ಬನ್ನಿ. ಕಡಿಮೆ ಬೆಲೆಯ ಫೋನ್ ಹಿಡಿದು, ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ ನಿಂತು ನಿಮ್ಮ ಪುಟ ತೆರೆಯಿರಿ. ತೆರೆಯದಿದ್ದರೆ ನಿಮ್ಮ ಕೆಲಸ ಮುಗಿದಿಲ್ಲ.

ಓದುಗರೇ, ಗ್ರಾಮಸಭೆಯಲ್ಲಿ ರಸ್ತೆ, ನೀರು ಕೇಳುವಂತೆ ಇದನ್ನೂ ಕೇಳಿ: ಪ್ರಕಟಣೆ ನಮಗೆ ಅಕ್ಷರದಲ್ಲಿ ಬೇಕು.